ಗಿಡದಿಂದ ಕಂಟೇನರ್‌ವರೆಗೆ ಕಾಫಿ ಮಾದರಿ: 120 ಟನ್ ತೋರಿಸುತ್ತಿದೆ, ಲೋಡ್ ಆಗಿದ್ದು 98. ತಪ್ಪು ಎಲ್ಲಿ?

ಸೊನ್ನೆಸಾಲು

ಒಂದು ಸಹಕಾರಿ ವೆಟ್ ಮಿಲ್‌ಗೆ (ಕಾಫಿ ಹಣ್ಣು ಸುಲಿದು, ತೊಳೆದು, ಒಣಗಿಸುವ ಘಟಕ) ಲೆಕ್ಕದ ಮಾದರಿ ಕಟ್ಟುತ್ತಿದ್ದೇನೆ. ಪೂರ್ತಿ ಅರೇಬಿಕಾ, ತೊಳೆದ ಕಾಫಿ. ಸ್ಪ್ರೆಡ್‌ಶೀಟ್‌ನಲ್ಲಿ ನಾಲ್ಕು ಹಾಳೆ: ಇಳುವರಿ, ಸಂಸ್ಕರಣೆ, ಮಾರಾಟ, ನಗದು. ಕಳೆದ ಹಂಗಾಮಿನ ಅಂಕಿ ಹಾಕಿ ಓಡಿಸಿದರೆ ಬರುವುದು ಇಷ್ಟು.

ಒಳಬಂದ ಹಣ್ಣು 600 ಟನ್. 5ಕ್ಕೆ 1ರಂತೆ ಕ್ಲೀನ್ ಕಾಫಿ (ಸಿಪ್ಪೆ, ಹೊಟ್ಟು ತೆಗೆದ ಹಸಿರು ಬೀಜ) 120 ಟನ್ ಆಗಬೇಕು. ಲೋಡ್ ಆಗಿದ್ದು 98.

ಕೊಯ್ಲು 90 ದಿನ, ದಿನಕ್ಕೆ ಸರಾಸರಿ 6.67 ಟನ್. ಒಣಗಲು 8 ದಿನ ಅಂತಿಟ್ಟರೆ 1,420 ಚದರ ಮೀಟರ್ ಕಣ ಸಾಕು ಅನ್ನುತ್ತದೆ ಲೆಕ್ಕ. ಇರುವುದೂ ಸರಿಸುಮಾರು ಅಷ್ಟೇ. ಆದರೆ ಹಂಗಾಮಿನ ನಡುವೆ ಎರಡು ವಾರ ಹಸಿ ಪಾರ್ಚ್‌ಮೆಂಟ್ (ಒಳಹೊಟ್ಟು ಇನ್ನೂ ಇರುವ ಬೀಜ) ಹರಡಲು ಜಾಗವೇ ಇರಲಿಲ್ಲ.

ಮುಂದಿನ ವರ್ಷದ ಇಳುವರಿಗೆ ಐದು ವರ್ಷದ ಸರಾಸರಿ ತೆಗೆದುಕೊಂಡು ಮಳೆಯ ಮೇಲೆ ರಿಗ್ರೆಷನ್ (ಮಳೆಗೆ ತಕ್ಕಂತೆ ಇಳುವರಿ ಎಷ್ಟು ಏರಿಳಿಯುತ್ತದೆ ಎಂಬ ಅಂದಾಜು) ಮಾಡಿದ್ದೇನೆ. ಮಾರಾಟ ಬೆಲೆಗೆ ನ್ಯೂಯಾರ್ಕ್ ಫ್ಯೂಚರ್ಸ್ (ವಾಯಿದೆ ಮಾರುಕಟ್ಟೆಯ ಬೆಲೆ) ಗುಣಿಸು 0.8. ಎರಡೂ ಸರಿ ಕೂರುತ್ತಿಲ್ಲ, ಮೆಷಿನ್ ಲರ್ನಿಂಗ್ ಹಾಕೋಣ ಅಂತಿದ್ದೇನೆ. ಎಲ್ಲಿಂದ ಸರಿಪಡಿಸಲಿ?

ಪಲ್ಪರ್‌ಬಾಯಿ

ಮೆಷಿನ್ ಲರ್ನಿಂಗ್ ಆಮೇಲೆ ನೋಡೋಣ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಆಗುತ್ತದೆ. ಮೊದಲು ತೂಕ.

5ಕ್ಕೆ 1 ಅನ್ನುವುದು ರೋಬಸ್ಟಾಗೆ ಹತ್ತಿರದ ಅನುಪಾತ. ತೊಳೆದ ಅರೇಬಿಕಾಕ್ಕೆ 6ಕ್ಕೆ 1 ಹಿಡಿಯಿರಿ, ಜೊಳ್ಳು ಹೆಚ್ಚಿದ್ದರೆ ಕ್ಲೀನ್ ಅದಕ್ಕಿಂತಲೂ ಕಮ್ಮಿ ಬರುತ್ತದೆ. 600 ಭಾಗಿಸು 6, ಅಂದರೆ 100 ಟನ್. ನಿಮ್ಮ 22 ಟನ್ ವ್ಯತ್ಯಾಸದಲ್ಲಿ 20 ಇಲ್ಲೇ ಹೋಯಿತು.

ಉಳಿದ 2 ಟನ್ ಬಗ್ಗೆ ಒಂದು ಪ್ರಶ್ನೆ. ಪಾರ್ಚ್‌ಮೆಂಟ್ ಗೋದಾಮಿಗೆ ಹೋದಾಗ ತೇವಾಂಶ ಎಷ್ಟು ಬರೆದಿದ್ದಾರೆ, ಲೋಡ್ ಆಗುವಾಗ ಎಷ್ಟಿತ್ತು?

ಸೊನ್ನೆಸಾಲು

ಗೋದಾಮಿಗೆ 12.5, ಲೋಡಿಂಗ್ ಚೀಟಿಯಲ್ಲಿ 11.

ಪಲ್ಪರ್‌ಬಾಯಿ

ಸಿಕ್ಕಿತು. ನೀರು ಹೋದರೂ ಒಣ ಪದಾರ್ಥ ಹೋಗುವುದಿಲ್ಲ, ಅದನ್ನೇ ಹಿಡಿದು ಲೆಕ್ಕ ಹಾಕಬೇಕು. ಹೊಸ ತೂಕ ಬೇಕಿದ್ದರೆ ಹಳೆ ತೂಕವನ್ನು (100 − ಹಳೆ ತೇವಾಂಶ)ದಿಂದ ಗುಣಿಸಿ (100 − ಹೊಸ ತೇವಾಂಶ)ದಿಂದ ಭಾಗಿಸಿ. 100 × 87.5 ÷ 89 = 98.3 ಟನ್. 1.7 ಟನ್ ಅಂದರೆ 60 ಕೆಜಿಯ 28 ಮೂಟೆ. ಸ್ಟಾಕ್ ಪುಸ್ತಕದಲ್ಲಿ ಇದು ಕಳವಿನಂತೆ ಕಾಣುತ್ತದೆ, ಗೋದಾಮಿನವರ ಮೇಲೆ ಅನುಮಾನ ಬರುತ್ತದೆ. ಆವಿಯಾದ ನೀರು ಅದು, ಅಷ್ಟೇ.

ಹಾಗಾಗಿ ಮಾದರಿಯಲ್ಲಿ ಎಲ್ಲಾ ಹಂತದ ತೂಕದ ಪಕ್ಕ ತೇವಾಂಶದ ಕಾಲಮ್ ಇರಲೇಬೇಕು. ಲಾಟ್‌ಗಳನ್ನು (ಒಟ್ಟಿಗೆ ಸಂಸ್ಕರಿಸಿದ ಒಂದೊಂದು ಕಂತು) ಕೂಡಿಸುವ ಮೊದಲು ಎಲ್ಲವನ್ನೂ 11 ಶೇಕಡಾಗೆ ತನ್ನಿ. ಇನ್ನೊಂದು: ಪಾರ್ಚ್‌ಮೆಂಟ್‌ನಿಂದ ಕ್ಲೀನ್‌ಗೆ 0.8, ಒಣ ಚೆರ್ರಿಯಿಂದ (ಸುಲಿಯದೆ ಒಣಗಿಸಿದ ಹಣ್ಣು) ಕ್ಲೀನ್‌ಗೆ 0.5 ಎಂಬುದು ಅಂತರರಾಷ್ಟ್ರೀಯ ಕಾಫಿ ಸಂಸ್ಥೆ ಅಂಕಿಅಂಶಕ್ಕೆ ಬಳಸುವ ಪರಿವರ್ತನಾಂಕ. ದೇಶಗಳ ಲೆಕ್ಕಕ್ಕೆ ಅದು ಸಾಕು. ಒಂದು ಮಿಲ್‌ಗೆ ನಿಮ್ಮದೇ ಔಟ್‌ಟರ್ನ್ (ಇಷ್ಟು ಹಣ್ಣಿಗೆ ಇಷ್ಟು ಕ್ಲೀನ್ ಎಂಬ ಅನುಪಾತ) ತೆಗೆಯಬೇಕು: ವಾರಕ್ಕೊಮ್ಮೆ ಒಂದು ಲಾಟ್‌ನಿಂದ 100 ಕೆಜಿ ಹಣ್ಣು ಬೇರೆ ತೆಗೆದು ಕೊನೆಯವರೆಗೂ ಪ್ರತ್ಯೇಕವಾಗಿ ಒಣಗಿಸಿ, ಹಲ್ ಮಾಡಿ (ಒಳಹೊಟ್ಟು ತೆಗೆದು), ತೂಗಿ. ಹಂಗಾಮಿನ ಮೊದಲ ಕೊಯ್ಲು, ನಡುವಿನದು, ಕೊನೆಯ ಸ್ಟ್ರಿಪ್ಪಿಂಗ್ (ಗಿಡದಲ್ಲಿ ಉಳಿದದ್ದನ್ನೆಲ್ಲ ಕೀಳುವುದು) ಮೂರಕ್ಕೂ ಬೇರೆ ಬೇರೆ ಸಂಖ್ಯೆ ಬರುತ್ತದೆ. ಸರಾಸರಿ ಮಾಡಬೇಡಿ, ಮೂರನ್ನೂ ಹಾಗೇ ಇಡಿ.

ಕಣದ ವಿಷಯ ರಾತ್ರಿ ಬರೆಯುತ್ತೇನೆ, ಅದು ಉದ್ದ ಇದೆ.

ಗಿಣ್ಣುಲೆಕ್ಕ

ಅಷ್ಟರಲ್ಲಿ ಇಳುವರಿ ಹಾಳೆ ನೋಡಿಬಿಡೋಣ. ಸೊನ್ನೆಸಾಲು ಅವರೇ, ಆ ರಿಗ್ರೆಷನ್‌ನ ಶೇಷಗಳನ್ನು (ನಿಜ ಇಳುವರಿ ಕಳೆ ಅಂದಾಜು) ವರ್ಷದ ಕ್ರಮದಲ್ಲಿ ಒಂದು ಸಲ ಗೀಚಿ. ಒಂದು ವರ್ಷ ಮೇಲೆ, ಮರುವರ್ಷ ಕೆಳಗೆ, ಮತ್ತೆ ಮೇಲೆ ಅಂತ ಗರಗಸದ ಹಲ್ಲಿನಂತೆ ಬಂದರೆ ಮಳೆಯನ್ನು ದೂರಿ ಉಪಯೋಗವಿಲ್ಲ.

ಕಾಫಿ ಗಿಡ ಈ ವರ್ಷ ಬೆಳೆದ ರೆಕ್ಕೆಯ (ಅಡ್ಡ ಕೊಂಬೆ) ಗಿಣ್ಣುಗಳಲ್ಲಿ ಮುಂದಿನ ವರ್ಷ ಹೂ ಬಿಡುತ್ತದೆ. ಈ ವರ್ಷ ಹೊರೆ ಹೆಚ್ಚಾದರೆ ಆಹಾರವೆಲ್ಲ ಹಣ್ಣಿಗೆ ಹೋಗುತ್ತದೆ, ರೆಕ್ಕೆ ಉದ್ದವಾಗುವುದಿಲ್ಲ, ಮುಂದಿನ ವರ್ಷಕ್ಕೆ ಗಿಣ್ಣೇ ಇಲ್ಲ. ಮಾವಿನ ಮರವಾದರೆ ಹೊರೆ ಹೆಚ್ಚಾದಾಗ ಬಹಳಷ್ಟು ಕಾಯಿ ಉದುರಿಸಿಕೊಳ್ಳುತ್ತದೆ. ಕಾಫಿ ಹಾಗಲ್ಲ, ಕಟ್ಟಿದ ಕಾಯನ್ನು ಬಿಡದೆ ರೆಕ್ಕೆಯನ್ನೇ ಒಣಗಿಸಿಕೊಳ್ಳುತ್ತದೆ. ಡೈಬ್ಯಾಕ್ ಅನ್ನುವುದು ಇದನ್ನೇ.

ಹಾಗಾಗಿ ಇಳುವರಿಗೆ ಬೇಕಾಗಿರುವುದು ಸ್ಥಿತಿ ಇರುವ ಮಾದರಿ, ಅಂದರೆ ಹಿಂದಿನ ವರ್ಷವನ್ನು ನೆನಪಿಡುವಂಥದ್ದು. ಬ್ಲಾಕ್‌ಗೆ (ತೋಟದ ಒಂದು ಭಾಗ) ಕನಿಷ್ಠ ಮೂರು ಚರ ಇಡಿ: ಗಿಡದ ವಯಸ್ಸು, ಹಣ್ಣು ಹಿಡಿಯಬಲ್ಲ ಗಿಣ್ಣುಗಳ ಸಂಖ್ಯೆ, ಹಿಂದಿನ ವರ್ಷದ ಹೊರೆ. ಮುಂದಿನ ವರ್ಷದ ಗಿಣ್ಣು = ಗರಿಷ್ಠ ಗಿಣ್ಣು × (1 − ಒಂದು ಗುಣಾಂಕ × ಈ ವರ್ಷದ ಹೊರೆ). ಇಷ್ಟು ಸರಳ ಸೂತ್ರವೇ ಸರಾಸರಿಯನ್ನು ಮೀರಿಸುತ್ತದೆ. ಡೈನಾಕಾಫ್, ಸಿಎಎಫ್2007 ತರಹದ ಪ್ರಕ್ರಿಯಾ ಮಾದರಿಗಳು ನೆರಳು, ಬೆಳಕು, ಇಂಗಾಲದ ಹಂಚಿಕೆ ಎಲ್ಲ ಲೆಕ್ಕ ಹಾಕುತ್ತವೆ. ಆದರೆ ಅವು ಕೇಳುವ ಮಾಹಿತಿ ಮಿಲ್‌ನವರ ಹತ್ತಿರ ಇರುವುದಿಲ್ಲ.

ಗಿಣ್ಣು ಎಣಿಸುವ ಕ್ರಮ: ಬ್ಲಾಕ್‌ಗೆ 30 ಗಿಡ. ದಾರಿಯಂಚಿನ ಗಿಡ ಬೇಡ, ಎಣಿಸುವವರಿಗೆ ಸುಲಭ ಅಂತ ಎಲ್ಲರೂ ಅವನ್ನೇ ಹಿಡಿಯುತ್ತಾರೆ, ಬೆಳಕು ಹೆಚ್ಚು ಬಿದ್ದು ಅವು ಯಾವಾಗಲೂ ಹೆಚ್ಚು ಬಿಟ್ಟಿರುತ್ತವೆ. ಸಾಲು ಎಣಿಸಿ ಸಮಾನ ಅಂತರದಲ್ಲಿ ಆರಿಸಿ. ಗಿಡಕ್ಕೆ ಮೇಲೆ, ನಡುವೆ, ಕೆಳಗೆ ಒಂದೊಂದು ರೆಕ್ಕೆ. ಹಣ್ಣಿರುವ ಗಿಣ್ಣು, ಗಿಣ್ಣಿಗೆ ಹಣ್ಣು, ಒಟ್ಟು ಫಸಲಿನ ರೆಕ್ಕೆ ಎಣಿಸಿ. ಹೂವಾದ ಮೇಲೆ 10ರಿಂದ 12 ವಾರಕ್ಕೆ ಒಮ್ಮೆ, ಕಾಯಿ ಗಟ್ಟಿಯಾದಾಗ ಇನ್ನೊಮ್ಮೆ ಎಣಿಸಿದರೆ ನಡುವಿನ ಉದುರುವಿಕೆ ತಾನಾಗಿ ಗೊತ್ತಾಗುತ್ತದೆ. ಸತ್ತ ಗಿಡ, ಖಾಲಿ ಗುಂಡಿ ಎಣಿಸುವುದು ಮರೆಯಬೇಡಿ. ನಕ್ಷೆಯಲ್ಲಿ ಹೆಕ್ಟೇರಿಗೆ 4,000 ಗಿಡ ಇದ್ದು ನೆಲದಲ್ಲಿ 3,680 ಇದ್ದರೆ ಅಲ್ಲಿಗೇ 8 ಶೇಕಡಾ ಹೋಯಿತು.

ಹಳೆದತ್ತಾಂಶ

ಗಿಣ್ಣುಲೆಕ್ಕ ಮೇಡಂ ಹೇಳಿದ್ದು ಬ್ಲಾಕ್ ಮಟ್ಟಕ್ಕೆ ಸರಿ. ನೂರಾರು ಸಣ್ಣ ಬೆಳೆಗಾರರ ಹಣ್ಣು ಒಂದೇ ಮಿಲ್‌ಗೆ ಬಂದರೆ ಒಬ್ಬರ ಏರು, ಇನ್ನೊಬ್ಬರ ಇಳಿ ಸೇರಿ ಸಮವಾಗುವುದಿಲ್ಲವೇ?

ಗಿಣ್ಣುಲೆಕ್ಕ

ಸಮವಾಗಬಹುದು, ಎಲ್ಲರ ಗಿಡಕ್ಕೂ ಒಟ್ಟಿಗೆ ಪೆಟ್ಟು ಬೀಳುವವರೆಗೆ. ಒಂದು ಬರ ಅಥವಾ ಹಿಮ ಬಂದರೆ ಎಲ್ಲಾ ತೋಟಗಳ ಗಡಿಯಾರ ಒಂದೇ ಹೊತ್ತಿಗೆ ತಿರುಗಿ ಶುರುವಾಗುತ್ತದೆ. ಬ್ರೆಜಿಲ್ ಇಡೀ ದೇಶದ ಅರೇಬಿಕಾ ಫಸಲಿನಲ್ಲೇ ಏರು ವರ್ಷ, ಇಳಿ ವರ್ಷ ಎದ್ದು ಕಾಣುತ್ತದೆ. 2022 ಅಲ್ಲಿ ಏರು ವರ್ಷ ಆಗಬೇಕಿತ್ತು. 2021ರ ಬರ ಮತ್ತು ಜುಲೈ ಹಿಮದಿಂದ ನಿರೀಕ್ಷೆಯಷ್ಟು ಬರಲಿಲ್ಲ. ಸರಾಸರಿ ಹಿಡಿದು ಕೂತ ಮಾದರಿಗೆ ಇದು ಕಾಣುವುದೇ ಇಲ್ಲ.

ಏರಿಳಿತವನ್ನೇ ಯೋಜನೆ ಮಾಡಿಕೊಳ್ಳುವ ದಾರಿಯೂ ಇದೆ. ಬ್ರೆಜಿಲ್‌ನಲ್ಲಿ 'ಸಾಫ್ರಾ ಜೀರೊ' ಅನ್ನುತ್ತಾರೆ: ದೊಡ್ಡ ಫಸಲು ಕೊಯ್ದ ಕೂಡಲೇ ರೆಕ್ಕೆಗಳನ್ನು ಮೋಟು ಮಾಡಿ, ಮರುವರ್ಷದ ಫಸಲನ್ನು ಬೇಕೆಂದೇ ಬಿಟ್ಟುಬಿಡುತ್ತಾರೆ. ಚಿಲ್ಲರೆ ಫಸಲಿಗಾಗಿ ಕೊಯ್ಲಿನ ಕೂಲಿ ಖರ್ಚು ಮಾಡುವ ಕೆಲಸ ತಪ್ಪುತ್ತದೆ. ಇಡೀ ತೋಟಕ್ಕೆ ಒಟ್ಟಿಗೆ ಮಾಡಿದರೆ ಮಿಲ್ ಒಂದು ವರ್ಷ ಖಾಲಿ, ಅರ್ಧರ್ಧ ಬ್ಲಾಕ್‌ಗೆ ಮಾಡಿದರೆ ಹರಿವು ಸಮ. ನಿಮ್ಮ ಮಾದರಿಯಿಂದ ನಿಜವಾಗಿ ಕೇಳಬೇಕಾದ ಪ್ರಶ್ನೆ ಇಂಥದ್ದು.

ಎಲೆ ತುಕ್ಕು ರೋಗದ ನಷ್ಟವನ್ನೂ ಅದೇ ವರ್ಷದ ಲೆಕ್ಕಕ್ಕೆ ಮಾತ್ರ ಹಾಕಬೇಡಿ. ಈ ವರ್ಷ ಎಲೆ ಉದುರಿದರೆ ರೆಕ್ಕೆ ಸಾಯುವುದು ಆಮೇಲೆ, ಹಣ್ಣು ಕಮ್ಮಿಯಾಗುವುದು ಮುಂದಿನ ವರ್ಷ. ಗೊಬ್ಬರ ಕಡಿತಗೊಳಿಸಿದರೂ ಹಾಗೇ. ಒಂದು ಟನ್ ಕ್ಲೀನ್ ಅರೇಬಿಕಾ ಫಸಲು ತೋಟದಿಂದ ಸುಮಾರು 35 ಕೆಜಿ ಸಾರಜನಕ, 45 ಕೆಜಿ ಪೊಟ್ಯಾಷ್ ಹೊತ್ತೊಯ್ಯುತ್ತದೆ. ಬೆಲೆ ಬಿದ್ದ ವರ್ಷ ಗೊಬ್ಬರ ಬಿಟ್ಟವರಿಗೆ ಆ ವರ್ಷದ ಲೆಕ್ಕದಲ್ಲಿ ಬರೀ ಲಾಭ ಕಾಣುತ್ತದೆ.

ಪಲ್ಪರ್‌ಬಾಯಿ

ಕಣಕ್ಕೆ ಬರೋಣ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಹಾಗೆ ಕಣ ಇದ್ದಷ್ಟೇ ಕೊಯ್ಲು. ಪ್ರಶ್ನೆ ಇರುವುದು ಯಾವ ದಿನದ ಕಣ ಅನ್ನುವುದರಲ್ಲಿ.

100 ಕೆಜಿ ಹಣ್ಣಿಗೆ ತೊಳೆದು ನೀರು ಬಸಿದ ಹಸಿ ಪಾರ್ಚ್‌ಮೆಂಟ್ ಸುಮಾರು 40 ಕೆಜಿ, ತೇವಾಂಶ 55ರ ಹತ್ತಿರ. ಚದರ ಮೀಟರಿಗೆ 15 ಕೆಜಿ ಹರಡಿ 8 ದಿನ ಇಟ್ಟರೆ:

ಸರಾಸರಿ ದಿನಕ್ಕೆ (6.67 ಟನ್ ಹಣ್ಣು) ಬೇಕಾದದ್ದು ನಿಮ್ಮ 1,420 ಚದರ ಮೀಟರ್.

ತುತ್ತತುದಿಯ ದಿನ ಹಂಗಾಮಿನ 2 ಶೇಕಡಾ ಬಂದರೆ 12 ಟನ್. ಅದೇ ವೇಗ 8 ದಿನವೂ ಇರುತ್ತದೆ ಅಂದುಕೊಂಡರೆ 2,560. ಇದು ಅತಿಯಾಯಿತು, ತುದಿಯ ದಿನ ಎಂಟು ಸಲ ಬರುವುದಿಲ್ಲ.

ಸರಿಯಾದ ವಿಧಾನ ಎಂದರೆ ಹಣ್ಣಿನ ದೈನಂದಿನ ರಸೀದಿಗಳಿಂದ 8 ದಿನದ ಚಲಿಸುವ ಮೊತ್ತ ತೆಗೆದು ಅದರ ಗರಿಷ್ಠ ಹಿಡಿಯುವುದು. ಅದು ಹಂಗಾಮಿನ 13 ಶೇಕಡಾ ಇದ್ದರೆ 78 ಟನ್ ಹಣ್ಣು, 31.2 ಟನ್ ಹಸಿ ಪಾರ್ಚ್‌ಮೆಂಟ್, 2,080 ಚದರ ಮೀಟರ್. ನಿಮ್ಮ ಎರಡು ವಾರದ ಪರದಾಟ ಈ 660 ಚದರ ಮೀಟರಿನದು.

ಆದರೆ ಸಿಮೆಂಟ್ ಹಾಕಿಸುವ ಮೊದಲು ಇದನ್ನು ನೋಡಿ. ಮೊದಲ ಮೂರು ದಿನ ಮಾತ್ರ ತೆಳುವಾಗಿ ಹರಡಬೇಕು. ಹೊರನೀರು ಹೋಗಿ ಪಾರ್ಚ್‌ಮೆಂಟ್ ಬಿಳಿಯಾದ ಮೇಲೆ ದಪ್ಪ ಪದರ ಮಾಡಿದರೆ ಒಳ್ಳೆಯದೇ, ಬಿಸಿಲಿಗೆ ಪಟಪಟ ಒಡೆಯುವುದು ತಪ್ಪುತ್ತದೆ. ಮೂರು ದಿನ 15 ಕೆಜಿ, ಉಳಿದ ಐದು ದಿನ ಎರಡು ಪಟ್ಟು ಸಾಂದ್ರತೆ ಎಂದರೆ ದಿನಕ್ಕೆ 3,900 ಕೆಜಿ × (3÷15 + 5÷30) = 1,430. ಇರುವ ಕಣವೇ ಸಾಕಾಗುತ್ತದೆ! ಮಳೆ ಬಂದು ಮೊದಲ ಹಂತ ಐದು ದಿನಕ್ಕೆ ಎಳೆದರೆ 1,950. ನಿಮ್ಮ ಉತ್ತರ ಈ ಎರಡರ ನಡುವೆ ಎಲ್ಲೋ ಇದೆ. ಆ 500 ಚದರ ಮೀಟರಿಗೆ ಕಣ ಕಟ್ಟುವುದೋ, ಎತ್ತರದ ಬಲೆ ಮಂಚ ಹಾಕುವುದೋ, ಡ್ರೈಯರ್ ತರುವುದೋ ಅಂತ ಆಗ ಹೋಲಿಸಿ.

ಪಲ್ಪರ್ (ಹಣ್ಣು ಸುಲಿಯುವ ಯಂತ್ರ) ಸಾಮರ್ಥ್ಯವನ್ನೂ ಸರಾಸರಿಗೇ ಹಾಕಿರುತ್ತೀರಿ. ತಗಡಿನ ಮೇಲೆ ಗಂಟೆಗೆ 2 ಟನ್ ಬರೆದಿದ್ದರೆ ಲೆಕ್ಕಕ್ಕೆ 1.4 ಹಿಡಿಯಿರಿ, ಕಾಯಿ ಸಿಕ್ಕಿ ನಿಲ್ಲಿಸುವುದು, ಅಂತರ ಸರಿ ಮಾಡುವುದು ಎಲ್ಲ ಇದೆ. 12 ಟನ್ ಮಧ್ಯಾಹ್ನ 3ರಿಂದ 7ರವರೆಗೆ ಬಂದು ಬೀಳುತ್ತದೆ. 7ಕ್ಕೆ ಸರದಿಯಲ್ಲಿ 6.4 ಟನ್ ಉಳಿದಿರುತ್ತದೆ, ಕೊನೆಯ ಲಾಟ್ ಪಲ್ಪ್ ಆಗುವಾಗ ರಾತ್ರಿ ಹನ್ನೊಂದೂವರೆ. ಆ ಹಣ್ಣು ಕಿತ್ತದ್ದು ಬೆಳಿಗ್ಗೆ 8ಕ್ಕೆ ಆಗಿದ್ದರೆ ಹದಿನೈದು ಗಂಟೆ ಚೀಲದಲ್ಲಿ ಬೆಂದಿದೆ. ಕಪ್‌ನಲ್ಲಿ ಹುಳಿ ವಾಸನೆ ಬಂದರೆ ಹುದುಗಿಸುವ ತೊಟ್ಟಿಯನ್ನು ಬೈಯುವ ಮೊದಲು ಈ ಸರದಿ ನೋಡಿ. ಹೊಸ ಪಲ್ಪರ್‌ಗಿಂತ ಬೆಳಿಗ್ಗೆ 11ಕ್ಕೆ ಇನ್ನೊಂದು ಗಾಡಿ ಕಳಿಸುವುದು ಅಗ್ಗ.

ಹತ್ತಿರದತಿಂಗಳು

ಮಾರಾಟ ಹಾಳೆ ನನಗಿರಲಿ. ಫ್ಯೂಚರ್ಸ್ × 0.8 ಅಂತ ಗುಣಿಸುವುದು ತಪ್ಪು ರಚನೆ. ವ್ಯಾಪಾರ ನಡೆಯುವುದು ಫ್ಯೂಚರ್ಸ್ ಕೂಡಿಸು ಅಥವಾ ಕಳೆ ಡಿಫರೆನ್ಷಿಯಲ್ (ಕಾಫಿಯ ಮೂಲ, ಗುಣಮಟ್ಟಕ್ಕೆ ತಕ್ಕ ಬೆಲೆ ವ್ಯತ್ಯಾಸ) ಅಂತ. 200 ಸೆಂಟ್ ಇದ್ದಾಗ 0.8 ಅಂದರೆ 40 ಸೆಂಟ್ ಕಡಿತ, 400 ಆದಾಗ 80 ಸೆಂಟ್ ಕಡಿತ. ಡಿಫರೆನ್ಷಿಯಲ್ ಹಾಗೆ ಬೆಲೆಯ ಜೊತೆ ತಾನಾಗಿ ದುಪ್ಪಟ್ಟಾಗುವುದಿಲ್ಲ. ಅದಕ್ಕೆ ಅದರದೇ ಕಾಲಸರಣಿ ಬೇಕು. ಸಾಗಣೆ, ಹಲ್ಲಿಂಗ್, ಮೂಟೆ ಖರ್ಚು ಟನ್‌ಗೆ ಇಷ್ಟು ಅಂತ ಸ್ಥಿರವಾಗಿ ಕಳೆಯಿರಿ.

ಘಟಕಗಳು: ನ್ಯೂಯಾರ್ಕ್ ಅರೇಬಿಕಾ ಪೌಂಡಿಗೆ ಸೆಂಟ್‌ನಲ್ಲಿ, ಒಂದು ಲಾಟ್ (ಇಲ್ಲಿ ಒಂದು ಫ್ಯೂಚರ್ಸ್ ಒಪ್ಪಂದ) 37,500 ಪೌಂಡ್, ಅಂದರೆ 17 ಟನ್. ಲಂಡನ್ ರೋಬಸ್ಟಾ ಟನ್‌ಗೆ ಡಾಲರ್‌ನಲ್ಲಿ, ಲಾಟ್ 10 ಟನ್. ಸೆಂಟ್‌ನಿಂದ ಟನ್-ಡಾಲರ್‌ಗೆ 22.046ರಿಂದ ಗುಣಿಸಿ. ಇಪ್ಪತ್ತಡಿ ಕಂಟೇನರ್‌ನಲ್ಲಿ 60 ಕೆಜಿಯ 320 ಮೂಟೆ, 19.2 ಟನ್, ಅಂದರೆ 1.13 ಲಾಟ್. ಕಂಟೇನರ್‌ಗೊಂದು ಲಾಟ್ ಅಂತ ಹೆಡ್ಜ್ (ಬೆಲೆ ಏರಿಳಿತಕ್ಕೆ ರಕ್ಷಣೆ) ಮಾಡಿದರೆ ಪ್ರತಿ ಕಂಟೇನರ್‌ನಲ್ಲೂ 2 ಟನ್‌ಗೂ ಹೆಚ್ಚು ಬಯಲಲ್ಲಿ ಉಳಿಯುತ್ತದೆ.

ಇದಕ್ಕಿಂತ ದೊಡ್ಡ ತೂತು ನಗದು ಹಾಳೆಯಲ್ಲಿದೆ. 98 ಟನ್‌ಗೆ 6 ಲಾಟ್ ಫ್ಯೂಚರ್ಸ್ ಮಾರಿಟ್ಟಿದ್ದೀರಿ ಅಂದುಕೊಳ್ಳಿ. ಬೆಲೆ 50 ಸೆಂಟ್ ಏರಿತು. ಗೋದಾಮಿನ ಕಾಫಿಗೆ ಸುಮಾರು 1,08,000 ಡಾಲರ್ ಹೆಚ್ಚು ಬೆಲೆ ಬಂತು, ಫ್ಯೂಚರ್ಸ್‌ನಲ್ಲಿ 1,12,500 ಡಾಲರ್ ನಷ್ಟ. ವರ್ಷದ ಕೊನೆಯ ಲೆಕ್ಕದಲ್ಲಿ ಎರಡೂ ಹೆಚ್ಚುಕಮ್ಮಿ ಸರಿಹೋಗುತ್ತದೆ. ಆದರೆ ಮಾರ್ಜಿನ್ ಹಣ (ಫ್ಯೂಚರ್ಸ್ ನಷ್ಟಕ್ಕೆ ತುಂಬಬೇಕಾದ ಠೇವಣಿ) ಕಟ್ಟಬೇಕಾದ್ದು ಈಗಲೇ, ಕಾಫಿಯ ಹಣ ಬರುವುದು ಹಡಗು ಹೊರಟ ಮೇಲೆ. ಮಾಸಿಕ ಮಾದರಿಯಲ್ಲಿ ಈ ಅಂತರ ಕಾಣುವುದಿಲ್ಲ. ನಗದು ಹಾಳೆ ವಾರದ ಲೆಕ್ಕದಲ್ಲಿರಲಿ, ಏರುಬೆಲೆಯ ವರ್ಷಕ್ಕಾದರೆ ದಿನದ ಲೆಕ್ಕ. ಲಾಭದಲ್ಲಿದ್ದೂ ಕೈಯಲ್ಲಿ ದುಡ್ಡಿಲ್ಲದೆ ಹೆಡ್ಜ್ ಬಿಡಿಸಿಕೊಂಡವರು ಮುಳುಗುವುದು ಹೀಗೆಯೇ.

ಸೊನ್ನೆಸಾಲು

ಮುಂಗಡ ಒಪ್ಪಂದ ಮಾಡಿ ಸ್ಥಿರ ಬೆಲೆ ಕೊಟ್ಟರೆ ಬೆಳೆಗಾರರಿಗೂ ಒಳ್ಳೆಯದು, ಮಾದರಿಯೂ ಸರಳ ಅಲ್ಲವೇ ಸರ್?

ಹತ್ತಿರದತಿಂಗಳು

ಬೆಲೆ ಅಲ್ಲೇ ಇದ್ದರೆ ಸರಳ. 2021ರಲ್ಲಿ ಬೆಲೆ ಹಾರಿದಾಗ ಕೊಲಂಬಿಯಾದಲ್ಲಿ ಬಹಳಷ್ಟು ಬೆಳೆಗಾರರು ಹಳೆ ಬೆಲೆಗೆ ಒಪ್ಪಿದ್ದ ಕಾಫಿ ಕೊಡಲಿಲ್ಲ. ಸಹಕಾರಿ ಸಂಘಗಳು ಅದೇ ಕಾಫಿಯನ್ನು ಮುಂದೆ ಮಾರಿಬಿಟ್ಟಿದ್ದವು, ನಡುವೆ ಸಿಕ್ಕಿಕೊಂಡವು. ಮಾದರಿಯಲ್ಲಿ 'ಒಪ್ಪಂದದ ಪ್ರಮಾಣ' ಎಂಬ ಕಾಲಮ್ ಸ್ಥಿರವಾಗಿದ್ದರೆ ಈ ಅಪಾಯ ಸೊನ್ನೆ ಎಂದಾಗುತ್ತದೆ. ಅದನ್ನು ಬೆಲೆ ಅಂತರದ ಮೇಲೆ ಬಿಡಿ: ಮಾರುಕಟ್ಟೆ ಒಪ್ಪಂದಕ್ಕಿಂತ 10 ಶೇಕಡಾ ಮೇಲಿದ್ದಾಗ ಎಷ್ಟು ಬರುತ್ತದೆ, 30 ಆದಾಗ ಎಷ್ಟು, 60 ಆದಾಗ ಎಷ್ಟು. ನಿಮ್ಮ ಹಳೆಯ ರಸೀದಿಗಳಲ್ಲೇ ಉತ್ತರ ಇರುತ್ತದೆ.

ನನ್ನ ಪ್ರಕಾರ ಕನಿಷ್ಠ ಬೆಲೆ ಖಾತ್ರಿ, ಮೇಲೇರಿದರೆ ಏರಿಕೆಯಲ್ಲಿ ಪಾಲು ಎನ್ನುವ ಒಪ್ಪಂದವೇ ಮೇಲು. ಖಾತ್ರಿಗೆ ಪುಟ್ ಆಪ್ಷನ್ (ನಿಗದಿತ ಬೆಲೆಗೆ ಮಾರುವ ಹಕ್ಕು) ಕೊಳ್ಳಬೇಕು, ಖರ್ಚಿದೆ. ಆದರೆ ಕಟ್ಟಿದ ಪ್ರೀಮಿಯಂಗಿಂತ ಹೆಚ್ಚು ಹೋಗುವುದಿಲ್ಲ, ಮಾರ್ಜಿನ್ ಕರೆಯೂ ಇಲ್ಲ.

ಹಳೆದತ್ತಾಂಶ

ಬೆಲೆ ಮುನ್ಸೂಚನೆಗೆ ಕೈ ಹಾಕುವುದಾದರೆ ನಾಲ್ಕು ಗುಂಡಿಗಳಿವೆ, ನೋಡಿ ನಡೆಯಿರಿ.

ಮೊದಲನೆಯದು ವರ್ಷ. ಕಾಫಿ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್. ಬ್ರೆಜಿಲ್‌ನ ಬೆಳೆ ವರ್ಷ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಲೆಕ್ಕದಲ್ಲಿ ಏಪ್ರಿಲ್‌ಗೆ ಶುರು, ಅಮೆರಿಕದ ಕೃಷಿ ಇಲಾಖೆಯ ಲೆಕ್ಕದಲ್ಲಿ ಜುಲೈಗೆ. ಇವನ್ನು ಒಂದೇ ಕಾಲಮ್‌ಗೆ ಸುರಿದರೆ ಫಸಲಿನ ಒಂದು ಪಾಲು ಎರಡು ಸಲ ಎಣಿಕೆಯಾಗಬಹುದು.

ಎರಡನೆಯದು ಘಟಕ. ರಫ್ತಿನ ಅಂಕಿಯಲ್ಲಿ ಹುರಿದದ್ದು, ಇನ್‌ಸ್ಟಂಟ್ ಎಲ್ಲ ಕ್ಲೀನ್ ಕಾಫಿ ಸಮಾನಕ್ಕೆ ತಿರುಗಿರಬೇಕು: ಹುರಿದದ್ದಕ್ಕೆ 1.19, ಇನ್‌ಸ್ಟಂಟ್‌ಗೆ 2.6. ಎರಡು ಸಲ ಗುಣಿಸಿದ ಹಾಳೆಗಳೂ ಓಡಾಡುತ್ತಿವೆ.

ಮೂರನೆಯದು, ಇದು ಮಹಾ ಮೋಸ: ತಿದ್ದಿದ ಅಂಕಿ. ಉತ್ಪಾದನೆಯ ಅಂದಾಜನ್ನು ವರ್ಷಗಳವರೆಗೆ ತಿದ್ದುತ್ತಲೇ ಇರುತ್ತಾರೆ. ಇವತ್ತಿನ ಅಂಕಿ ಹಾಕಿ 2014ರ ಬೆಲೆ ಊಹಿಸಿದರೆ ಮಾದರಿ ಅದ್ಭುತವಾಗಿ ಕೆಲಸ ಮಾಡುತ್ತದೆ, ಯಾಕೆಂದರೆ 2014ರಲ್ಲಿ ಯಾರಿಗೂ ಗೊತ್ತಿರದ ಸಂಗತಿ ಅದಕ್ಕೆ ಗೊತ್ತು. ಆಯಾ ತಿಂಗಳು ಪ್ರಕಟವಾದ ವರದಿಯ ಅಂಕಿಯನ್ನೇ ಸಂಗ್ರಹಿಸಿ. ಪರೀಕ್ಷೆಗೆ ಸಾಲುಗಳನ್ನು ಯಾದೃಚ್ಛಿಕವಾಗಿ ಒಡೆಯಬೇಡಿ. ಒಂದು ದಿನಾಂಕದವರೆಗೆ ಕಲಿಸಿ, ಮುಂದಿನ ವರ್ಷ ಊಹಿಸಿ, ಒಂದು ವರ್ಷ ಸರಿಸಿ, ಮತ್ತೆ.

ನಾಲ್ಕನೆಯದು ಮಾರುಕಟ್ಟೆಯ ನಿಯಮವೇ ಬದಲಾದ ದಿನ. ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ 1989ರ ಜುಲೈನಲ್ಲಿ ನಿಂತುಹೋಯಿತು. ಅದಕ್ಕೆ ಹಿಂದಿನ ಬೆಲೆ, ನಂತರದ ಬೆಲೆ ಒಂದೇ ಯಂತ್ರದಿಂದ ಬಂದದ್ದಲ್ಲ.

ಇನ್ನು ಬೇಡಿಕೆಯ ಸ್ಥಿತಿಸ್ಥಾಪಕತೆ (ಬೆಲೆ 1 ಶೇಕಡಾ ಏರಿದರೆ ಬೇಡಿಕೆ ಎಷ್ಟು ಶೇಕಡಾ ಬದಲಾಗುತ್ತದೆ) −0.25 ಅಂತ ಇಟ್ಟರೆ 5 ಶೇಕಡಾ ಕೊರತೆಗೆ 20 ಶೇಕಡಾ ಏರಿಕೆ ಬರುತ್ತದೆ. ನಿಜದಲ್ಲಿ ದಾಸ್ತಾನು ತುಂಬಿದ್ದರೆ ಅಷ್ಟೂ ಏರುವುದಿಲ್ಲ, ದಾಸ್ತಾನು ಬರಿದಾಗಿದ್ದರೆ ದುಪ್ಪಟ್ಟೂ ಆಗಬಹುದು. ದಾಸ್ತಾನು-ಬಳಕೆ ಅನುಪಾತವಿಲ್ಲದ ಬೆಲೆ ಮಾದರಿ ಬರೆಯುವುದೇ ದಂಡ.

ಗಿಣ್ಣುಲೆಕ್ಕ

ಒಂದು ಸೇರಿಸುತ್ತೇನೆ. ಬೆಲೆ ಏರಿದ ವರ್ಷ ನೆಟ್ಟ ಗಿಡ ಮೂರನೇ ವರ್ಷ ಸ್ವಲ್ಪ ಬಿಡುತ್ತದೆ, ಪೂರ್ತಿ ಫಸಲು ಐದನೇ ವರ್ಷದ ಮೇಲೆ. ಎಲ್ಲರೂ ಒಟ್ಟಿಗೆ ನೆಟ್ಟರೆ ಎಲ್ಲರ ಫಸಲೂ ಬೆಲೆ ಬಿದ್ದಾಗ ಒಟ್ಟಿಗೆ ಬರುತ್ತದೆ. ಬಿದ್ದಾಗ ಹೆಚ್ಚಿನವರು ಗಿಡ ಕೀಳುವುದಿಲ್ಲ, ಆರೈಕೆ ಬಿಡುತ್ತಾರೆ ಅಷ್ಟೇ. ಹಾಗಾಗಿ ಪೂರೈಕೆ ಏರುವ ದಾರಿ ಬೇರೆ, ಇಳಿಯುವ ದಾರಿ ಬೇರೆ. ಒಂದೇ ಗುಣಾಂಕ ಇಟ್ಟರೆ ಕೆಲಸ ಮಾಡುವುದಿಲ್ಲ, ವಯಸ್ಸಿನ ಗುಂಪುಗಳನ್ನು ಇಡಿ.

ಮೂಟೆಗುರುತು

ಯೂರೋಪಿಗೆ ಕಳಿಸುವುದಿದ್ದರೆ ಐದನೇ ಹಾಳೆ ಬೇಕು: ಜಾಗದ ಗುರುತು. ಯೂರೋಪ್ ಒಕ್ಕೂಟದ ಅರಣ್ಯನಾಶ ನಿಯಮ 2023/1115ರ ಪ್ರಕಾರ 31 ಡಿಸೆಂಬರ್ 2020ರ ನಂತರ ಕಾಡು ಕಡಿದ ಜಾಗದ ಕಾಫಿ ಹೋಗುವಂತಿಲ್ಲ. ಜಾರಿಯ ದಿನಾಂಕ ಮುಂದೆ ಹೋಗಿದೆ, ಈ ಕಟ್‌ಆಫ್ ದಿನಾಂಕ ಹೋಗಿಲ್ಲ. 4 ಹೆಕ್ಟೇರ್‌ಗಿಂತ ದೊಡ್ಡ ಜಾಗಕ್ಕೆ ಗಡಿರೇಖೆ, ಉಳಿದವಕ್ಕೆ ಒಂದು ಬಿಂದು ಸಾಕು, ಅಕ್ಷಾಂಶ ರೇಖಾಂಶಗಳಿಗೆ ದಶಮಾಂಶದ ನಂತರ ಆರು ಅಂಕಿ.

ಎಲ್ಲರೂ ಬೀಳುವ ಗುಂಡಿ: ಜಿಯೋಜೇಸನ್ (ಜಾಗದ ಗುರುತು ಬರೆಯುವ ನಮೂನೆ) ಕಡತದಲ್ಲಿ ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ. ಫೋನ್‌ನಿಂದ ಬರೆದುಕೊಂಡಾಗ ಉಲ್ಟಾ ಇರುತ್ತದೆ. ತೋಟ ಸಮುದ್ರದ ನಡುವೆ ಬಿದ್ದರೆ ಇದೇ ಕಾರಣ. ಸ್ಪ್ರೆಡ್‌ಶೀಟ್ ಕೊನೆಯ ಸೊನ್ನೆಗಳನ್ನು ನುಂಗುವುದರಿಂದ ಆ ಕಾಲಮ್ ಪಠ್ಯವಾಗಿಯೇ ಇರಲಿ.

ಬೆರಕೆಯ ನಿಯಮ ಇನ್ನೂ ಕಠಿಣ. ಗುರುತಿಲ್ಲದ 200 ಕೆಜಿ ಹಣ್ಣು ಒಂದು ತೊಟ್ಟಿಗೆ ಬಿದ್ದರೆ ಆ ತೊಟ್ಟಿ ಸೇರಿದ ಇಡೀ ಕಂಟೇನರ್‌ನ ಕಾಗದ ಕೆಡುತ್ತದೆ. ಶೇಕಡಾವಾರು ಲೆಕ್ಕ ತೋರಿಸಿ ಪಾರಾಗಲು ಬರುವುದಿಲ್ಲ. ಆದ್ದರಿಂದ ಮಾದರಿಯ ಘಟಕ 'ಟನ್' ಆಗಿರದೆ 'ಲಾಟ್' ಆಗಿರಲಿ: ಪ್ರತಿ ಲಾಟ್‌ಗೆ ತೂಕ, ತೇವಾಂಶ, ದಿನಾಂಕ, ಬಂದ ಜಾಗಗಳ ಪಟ್ಟಿ.

ಸೊನ್ನೆಸಾಲು

ಎಲ್ಲರಿಗೂ ಧನ್ಯವಾದ. 6ಕ್ಕೆ 1 ಮತ್ತು ತೇವಾಂಶ ಹಾಕಿದ ಮೇಲೆ 98.3 ಬಂತು, ಲೋಡ್ 98. ಹಣ್ಣಿನ ರಸೀದಿಯಿಂದ 8 ದಿನದ ಗರಿಷ್ಠ ಮೊತ್ತ ತೆಗೆದೆ, 12.6 ಶೇಕಡಾ. ಶೇಷಗಳೂ ಗರಗಸದ ಹಲ್ಲೇ. ಒಂದೇ ಒಂದು ತೊಂದರೆ: ಎರಡು ಲಾಟ್‌ನಲ್ಲಿ ಗೋದಾಮಿನ ತೇವಾಂಶ 10, ಲೋಡಿಂಗ್‌ನಲ್ಲಿ 11.8. ಗೋದಾಮಿನಲ್ಲಿ ನೀರು ಕುಡಿಯಿತೇ?

ಪಲ್ಪರ್‌ಬಾಯಿ

ಕುಡಿಯಲೂಬಹುದು, ನೆಲಕ್ಕೆ ಹಲಗೆ ಇಲ್ಲದೆ ಗೋಡೆಗೆ ಒತ್ತಿ ಪೇರಿಸಿದ್ದರೆ. ಆದರೆ ಮೊದಲು ತೇವಾಂಶದ ಮೀಟರ್ ನೋಡಿ. ಪಾರ್ಚ್‌ಮೆಂಟ್‌ಗೆ ಒಂದು ಸೆಟ್ಟಿಂಗ್, ಕ್ಲೀನ್‌ಗೆ ಇನ್ನೊಂದು. ಬದಲಾಯಿಸದೆ ಅಳೆದರೆ ಸುಳ್ಳು ಹೇಳುತ್ತದೆ. ಬಿಸಿಲಿಂದ ಈಗಷ್ಟೇ ಎತ್ತಿದ ಬಿಸಿ ಕಾಫಿ ಹಾಕಿದರೂ ಹಾಗೇ, ನೆರಳಲ್ಲಿ ಆರಿಸಿ ಅಳೆಯಬೇಕು. ಆ ಎರಡು ಲಾಟ್‌ನ ಸ್ಯಾಂಪಲ್ ಇನ್ನೂ ಇದ್ದರೆ ಒಂದಿಷ್ಟು ಪಾರ್ಚ್‌ಮೆಂಟ್ ಕೈಯಲ್ಲಿ ಸುಲಿದು ಕ್ಲೀನ್ ಸೆಟ್ಟಿಂಗ್‌ನಲ್ಲಿ ಮೂರು ಸಲ ಅಳೆದು ಇಲ್ಲಿ ಹಾಕಿ.